ಸಾರಕ್ಕಿಯ ಸೊಂಟ, ಬೊಂಬಾಯಿಯ ಚೆಂಡು

ಸಾರಕ್ಕಿ
೧೪ ಆಗಸ್ಟ್ ೧೯೬೧

ಚಿ. ಚಿಕ್ಕಬೈರಪ್ಪನಿಗೆ ಅಣ್ಣ ತಿಮ್ಮರಾಯಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯುವುದು ವಾಡಿಕೆ. ನಾನು ಕ್ಷೇಮವಾಗಿಲ್ಲ, ಆದ್ದರಿಂದ ಬರೆಯುತ್ತಿಲ್ಲ.

ಫೆಬ್ರವರಿಯಲ್ಲಿ ಜಯನಗರಕ್ಕೆ ಗುಲಾಬಿ ಸಸಿ ಕೊಡಲು ಹೋಗಿ ಸೈಕಲ್ಲಿನಿಂದ ಬಿದ್ದೆ, ಸಣ್ಣ ಪೆಟ್ಟು ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಬಲಗಾಲು ಅವತ್ತಿನಿಂದ ನನ್ನ ಮಾತು ಕೇಳುತ್ತಿಲ್ಲ. ಮೂಳೆಗೆ ಪಟ್ಟು ಹಾಕುವವರು ಬಿದಿರ ದಬ್ಬೆ ಕಟ್ಟಿ, "ಮೂರು ತಿಂಗ್ಳು ಅಲ್ಲಾಡ್ಬೇಡ, ತಾನೇ ಕೂಡ್ಕೊಳ್ತದೆ" ಎಂದರು. ಆರು ತಿಂಗಳಾಯಿತು, ಕೂಡಿಕೊಂಡಿಲ್ಲ. ಹೋದ ವಾರ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿದೆ. ಡಾಕ್ಟರ್ ಸೋಮಲಿಂಗಪ್ಪ ಎನ್ನುವವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ತೊಡೆಮೂಳೆಯ ಕತ್ತು ಮುರಿದಿದೆಯಂತೆ. ಸೊಂಟದ ಬಟ್ಟಲಿನಲ್ಲಿ ತಿರುಗುವ ಗುಂಡು ಇದೆಯಲ್ಲ, ಅದಕ್ಕೆ ರಕ್ತ ಹೋಗದೆ ಸತ್ತಿದೆಯಂತೆ. ಅದನ್ನು ತೆಗೆದು ಉಕ್ಕಿನ ಚೆಂಡು ಹಾಕಬೇಕಂತೆ. ಇಷ್ಟನ್ನೂ ಅವರು ಹೇಳಿದ್ದು ಪಕ್ಕದಲ್ಲಿ ನಿಂತಿದ್ದ ಚಿಕ್ಕ ಡಾಕ್ಟರಿಗೆ, ಇಂಗ್ಲಿಷಿನಲ್ಲಿ. ನಾನೂ ನಿನ್ನ ಅತ್ತಿಗೆ ನಾರಾಯಣಮ್ಮನೂ ಮದುವೆ ಮನೆಗೆ ಕರೆಯದೆ ಬಂದವರ ಹಾಗೆ ನಿಂತಿದ್ದೆವು. ಮುರಿದದ್ದು ನನ್ನ ಸೊಂಟ, ಸಮಾಲೋಚನೆ ಅವರಿಬ್ಬರದು! ನಾನು ಗದರಿ ಕೇಳಿದ ಮೇಲೆ ಕನ್ನಡದಲ್ಲಿ ಹೇಳಿದರು. ಕೊನೆಗೆ ಒಂದೇ ಪ್ರಶ್ನೆ: "ಮನೇಲಿ ಕುರ್ಚಿ ಇದ್ಯೇನಪ್ಪಾ?"

ಎರಡು ವರ್ಷದ ಹಿಂದೆ ನೀನು ಪರೇಲಿನ ವರ್ಕ್‌ಶಾಪಿನಲ್ಲಿ ಇಂಥದ್ದೇ ಚೆಂಡುಗಳನ್ನು ಲೇಥಿನ ಮೇಲೆ ಕಡೆಯುತ್ತೇನೆ ಎಂದು ಬರೆದಿದ್ದೆ. ನಾನು ನಕ್ಕು ಮರೆತಿದ್ದೆ. ಈಗ ಹೇಳು. ಎಷ್ಟು ಜಾತಿ ಇವೆ? ಯಾವುದು ನನಗಾಗುತ್ತದೆ? ಡಾಕ್ಟರಿಗಿಂತ ನಿನ್ನ ಮಾತು ನನಗೆ ಹೆಚ್ಚು.

ತೋಟದ ಕೆಲಸ ಹೇಗೋ ನಡೆಯುತ್ತಿದೆ. ಚಿಂತಿಸಬೇಡ.

ತಿಮ್ಮರಾಯಪ್ಪ


ಪರೇಲ್, ಬೊಂಬಾಯಿ
೨೭ ಆಗಸ್ಟ್ ೧೯೬೧

ತೀರ್ಥರೂಪ ಸಮಾನರಾದ ಅಣ್ಣನವರಿಗೆ ಚಿಕ್ಕಬೈರಪ್ಪನ ನಮಸ್ಕಾರಗಳು.

ತಮ್ಮ ಕಾಗದ ಓದಿ ಅಳು ಬಂತು, ಆಮೇಲೆ ಸಿಟ್ಟು ಬಂತು. ತಮ್ಮನ ವರ್ಕ್‌ಶಾಪಿನಿಂದ ಇಡೀ ದೇಶಕ್ಕೆ ಸೊಂಟದ ಚೆಂಡು ಹೋಗುತ್ತಿರುವಾಗ ಅಣ್ಣ ಬಿದಿರ ದಬ್ಬೆ ಕಟ್ಟಿಕೊಂಡು ಆರು ತಿಂಗಳು ಮಲಗಿದ್ದರೆಂದರೆ ನಾನು ಯಾರಿಗೆ ಹೇಳಲಿ! ಆಗಲೇ ಬರೆಯಬಾರದಿತ್ತೆ?

ಇರಲಿ. ನಾವು ಮಾಡುವುದರಲ್ಲಿ ಎರಡು ಜಾತಿ. ಎರಡಕ್ಕೂ ಮೇಲೆ ಗುಂಡು, ಕೆಳಗೆ ತೊಡೆಮೂಳೆಯ ಪೊಳ್ಳಿಗೆ ಇಳಿಯುವ ಗೂಟ. ಒಂದರ ಗೂಟ ಗಟ್ಟಿ, ಗಿಡ್ಡ. ಇನ್ನೊಂದರ ಗೂಟ ಉದ್ದ, ಅದರಲ್ಲಿ ಎರಡು ಕಿಂಡಿಗಳು. ಆ ಕಿಂಡಿಗಳೊಳಗೆ ಮೂಳೆ ಬೆಳೆದು ಗೂಟವನ್ನು ಹಿಡಿದುಕೊಳ್ಳುತ್ತದೆ. ತಮಗೆ ಕಿಂಡಿಯದ್ದೇ ಸರಿ. ಗಟ್ಟಿ ಗೂಟವನ್ನು ಬೇಕಾದಾಗ ತೆಗೆಯಬಹುದು ಎನ್ನುತ್ತಾರೆ, ಆದರೆ ತೆಗೆಯುವ ಮಾತು ನಮಗೇಕೆ? ತಮ್ಮ ಚೆಂಡನ್ನು ನಾನೇ ಕಡೆಯುತ್ತೇನೆ, ಪಾಲಿಷನ್ನೂ ನಾನೇ ಹಿಡಿಯುತ್ತೇನೆ. ಮಾಲೀಕರ ಒಪ್ಪಿಗೆ ಸಿಕ್ಕಿದೆ. ಅಳತೆ ತೆಗೆಯಲು ಎಕ್ಸ್‌ರೇ ಕಳುಹಿಸಿ.

ಲೇಥಿನ ಮೇಲೆ ಕೂತ ಕೈ ಇದು ಅಣ್ಣ, ನಂಬಿ.

ಚಿಕ್ಕಬೈರಪ್ಪ


ಸಾರಕ್ಕಿ
೧೦ ಸೆಪ್ಟೆಂಬರ್ ೧೯೬೧

ಚಿ. ಚಿಕ್ಕಬೈರಪ್ಪನಿಗೆ ಆಶೀರ್ವಾದ.

ಎಕ್ಸ್‌ರೇಯನ್ನು ರಟ್ಟಿನ ನಡುವೆ ಇಟ್ಟು ಕಳುಹಿಸಿದ್ದೇನೆ. ಮಡಚಬೇಡ ಎಂದು ಮೇಲೆ ಬರೆದಿದ್ದೇನೆ. ಅಂಚೆಯವರು ಮಡಚಿಯೇ ಕೊಡುತ್ತಾರೆ, ನನಗೆ ಗೊತ್ತು.

ಕಿಂಡಿಯ ಮಾತು ಹಿಡಿಸಿತು. ಮೂವತ್ತು ವರ್ಷದಿಂದ ನಾನು ಮಾಡುತ್ತಿರುವುದೂ ಅದನ್ನೇ ಅಲ್ಲವೆ. ಕಾಡುಗುಲಾಬಿಯ ತೊಗಟೆ ಸೀಳುತ್ತೇನೆ, ಊರ ಗುಲಾಬಿಯ ಚಿಗುರೊಡೆಯುವ ಕಣ್ಣನ್ನು ಅದರೊಳಗೆ ಕೂರಿಸುತ್ತೇನೆ, ಬಾಳೆನಾರಿನಲ್ಲಿ ಕಟ್ಟುತ್ತೇನೆ. ಇಪ್ಪತ್ತು ದಿನಕ್ಕೆ ಎರಡೂ ಒಂದಾಗುತ್ತವೆ. ಆದರೆ ನನ್ನ ಕಸಿಯಲ್ಲಿ ಎರಡು ಕಡೆಯೂ ಜೀವ ಇರುತ್ತದೆ. ನಿನ್ನದರಲ್ಲಿ ಮೂಳೆಗೆ ಜೀವ ಇದೆ, ಉಕ್ಕಿಗೆ ಇಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಒಂದು, ಎಷ್ಟು ವರ್ಷ ಬಾಳುತ್ತದೆ? ಎರಡು, ಒಳಗೆ ತುಕ್ಕು ಹಿಡಿಯುವುದಿಲ್ಲವೆ?

ಮೂರನೆಯದು ಮುಖ್ಯ. ಚೆಂಡು ಹಾಕಿಸಿಕೊಂಡ ಮೇಲೆ ಕುಕ್ಕರಗಾಲಿನಲ್ಲಿ ಕೂರಬಹುದೆ? ಗುಲಾಬಿಗೆ ಕಣ್ಣು ಹಾಕುವುದು ಮಣ್ಣಿನಿಂದ ಎರಡು ಬೆರಳು ಮೇಲೆ. ಅದಕ್ಕಿಂತ ಮೇಲೆ ಹಾಕಿದರೆ ಬುಡದಿಂದ ಕಾಡುಚಿಗುರು ನುಗ್ಗಿ ಗಿಡವನ್ನೇ ನುಂಗುತ್ತದೆ. ನವೆಂಬರಿನಿಂದ ಮಾರ್ಚಿನವರೆಗೆ ನಾನು ದಿನಕ್ಕೆ ಏಳು ತಾಸು ಕುಕ್ಕರಗಾಲಿನಲ್ಲಿ ಸಾಲಿನಿಂದ ಸಾಲಿಗೆ ಸರಿಯುವವನು. ನೀನೂ ಚಿಕ್ಕವನಿದ್ದಾಗ ನನ್ನ ಪಕ್ಕ ಸರಿದಿದ್ದೀಯೆ.

ಕೂರಬಹುದು, ಕೂರಬಾರದು, ಎರಡರಲ್ಲಿ ಒಂದು ಪದ ಬರೆ. ಸಾಕು.

ತಿಮ್ಮರಾಯಪ್ಪ


ಪರೇಲ್, ಬೊಂಬಾಯಿ
೨ ಅಕ್ಟೋಬರ್ ೧೯೬೧

ತೀರ್ಥರೂಪ ಸಮಾನರಾದ ಅಣ್ಣನವರಿಗೆ ನಮಸ್ಕಾರಗಳು.

ಎಕ್ಸ್‌ರೇ ಮಡಚದೆ ಬಂದಿದೆ. ಅಂಚೆಯವರನ್ನು ಸುಮ್ಮನೆ ಬೈದಿರಿ.

ಗುಂಡಿನ ಅಳತೆ ಒಂದೂ ಮುಕ್ಕಾಲು ಇಂಚು. ಎಕ್ಸ್‌ರೇಯಲ್ಲಿ ಸ್ವಲ್ಪ ದೊಡ್ಡದಾಗಿ ಕಾಣುವುದರಿಂದ ಮೂರು ಚೆಂಡು ಮಾಡಿದ್ದೇನೆ: ಸರಿಯಾಗಿ ಅಷ್ಟರದು, ಒಂದು ನೂಲು ಕಡಿಮೆಯದು, ಒಂದು ನೂಲು ಹೆಚ್ಚಿನದು. ನೂಲೆಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ಡಾಕ್ಟರು ಮೇಜಿನ ಮೇಲೆ ಮೂರನ್ನೂ ಇಟ್ಟುಕೊಂಡು ಕೂಡುವುದನ್ನು ಹಾಕುತ್ತಾರೆ. ತುಕ್ಕಿನ ಮಾತೇ ಇಲ್ಲ. ಒಂದು ಚೆಂಡನ್ನು ಎಂಟು ದಿನ ಉಪ್ಪುನೀರಿನಲ್ಲಿ ಮುಳುಗಿಸಿಟ್ಟು ನೋಡಿದ್ದೇನೆ, ಒಂದು ಚುಕ್ಕೆ ಬಿದ್ದಿಲ್ಲ. ಪಾಲಿಷ್ ಎಂಥದ್ದೆಂದರೆ ಅದರಲ್ಲಿ ನನ್ನ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು. ಮಾಲೀಕರು ಕೈಯಲ್ಲಿ ತಿರುಗಿಸಿ ನೋಡಿ, ಇದನ್ನು ಡಾಕ್ಟರುಗಳಿಗೆ ನಮೂನೆಯಾಗಿ ತೋರಿಸಬೇಕು ಎಂದರು.

ಇನ್ನು ಕೂರುವ ವಿಚಾರ. ಇಲ್ಲಿ ಎಲ್ಲರೂ ಈಗ ಕುರ್ಚಿಯ ಮೇಲೆಯೇ ಕೂರುವುದು. ಊಟಕ್ಕೆ ಮೇಜು, ಹಿತ್ತಿಲ ಕಡೆಗೂ ಕುರ್ಚಿಯಂಥ ಪಿಂಗಾಣಿ ಬಂದಿದೆ. ಅಣ್ಣ ಇನ್ನೆಷ್ಟು ದಿನ ಮಣ್ಣಿನಲ್ಲಿ ತೆವಳುತ್ತೀರಿ? ಗಿಡಗಳನ್ನು ಕುಂಡಕ್ಕೆ ಹಾಕಿ ಬೆಂಚಿನ ಮೇಲಿಡಿ, ಎದುರಿಗೆ ಸ್ಟೂಲು ಹಾಕಿಕೊಳ್ಳಿ. ನಾನೂ ಲೇಥಿನ ಮುಂದೆ ಹಾಗೇ ಅಲ್ಲವೆ ಕೆಲಸ ಮಾಡುವುದು. ಬೆಂಚಿನ ನಕ್ಷೆ ಬರೆದು ಇದರ ಜೊತೆ ಇಟ್ಟಿದ್ದೇನೆ.

ಚಿಕ್ಕಬೈರಪ್ಪ


ಸಾರಕ್ಕಿ
೯ ಅಕ್ಟೋಬರ್ ೧೯೬೧

ಚಿಕ್ಕಬೈರಪ್ಪನಿಗೆ,

ಒಂದು ಪದ ಕೇಳಿದೆ. ನೀನು ಪಾಲಿಷ್ ಬರೆದೆ, ಉಪ್ಪುನೀರು ಬರೆದೆ, ಕ್ಷೌರ ಬರೆದೆ, ಬೆಂಚಿನ ನಕ್ಷೆ ಬರೆದೆ. ನಾನು ಕೇಳಿದ ಪದ ಮಾತ್ರ ಬರೆಯಲಿಲ್ಲ. ಹೂ ಬೆಳೆಯುವವನ ಕಿವಿಗೇ ಹೂ ಇಡುತ್ತೀಯಾ?

ಮೂರು ಸಾವಿರ ಗಿಡ ಮಣ್ಣಿನಲ್ಲಿ ಬೇರು ಬಿಟ್ಟು ನಿಂತಿವೆ. ಅವನ್ನು ಕಿತ್ತು ಕುಂಡಕ್ಕೆ ಹಾಕಿ, ಬೆಂಚಿಗೆ ಹತ್ತಿಸಿ, ಬೇರು ಕಚ್ಚುವವರೆಗೆ ಕಾಯುತ್ತಾ ಕೂತರೆ ಕಣ್ಣು ಹಾಕುವ ಕಾಲ ಕಳೆದು ಬೇಸಿಗೆ ಬಂದಿರುತ್ತದೆ. ಮಣ್ಣಿನಲ್ಲಿ ತೆವಳುತ್ತೀರಿ ಎಂದೆ. ಆ ತೆವಳಾಟದಲ್ಲೇ ನಿನ್ನನ್ನು ಓದಿಸಿದ್ದು. ಇದನ್ನು ಎತ್ತಿ ಆಡಬಾರದು ಅಂತಿದ್ದೆ, ಆಡಿಸಿದೆಯಲ್ಲ.

ನೀನು ಹೇಳದ್ದನ್ನು ಡಾಕ್ಟರ ಹತ್ತಿರ ಹೋಗಿ ಕೇಳಿದೆ. ಅವರು ಮುಚ್ಚಿಡಲಿಲ್ಲ. "ಕುಕ್ಕರಗಾಲಲ್ಲಿ ಕೂತ್ರೆ ಚೆಂಡು ಬಟ್ಟಲಿಂದ ಆಚೆ ಬರ್ಬೋದು. ಯಾವ ಜಾತಿ ಹಾಕಿದ್ರೂ ಅಷ್ಟೆ. ಕೂರೋದು ಬಿಟ್ಬಿಡಿ" ಎಂದರು. ಬಿಡುವುದಕ್ಕೆ ಅದೇನು ಬೀಡಿಯೆ? ನನಗೆ ಮೈ ಉರಿಯಿತು. "ಸಾರ್, ನೀವೊಂದ್ಸಲ ಕೂತ್ಕೊಂಡ್ ತೋರ್ಸಿ, ನಾನು ಬಿಡೋದೇನು ಅಂತ ನಿಮ್ಗೆ ಗೊತ್ತಾಗ್ಲಿ" ಎಂದೆ. ನಾರಾಯಣಮ್ಮ ನನ್ನ ಅಂಗಿ ಎಳೆದಳು. ಡಾಕ್ಟರು ನಕ್ಕರು. ಆಮೇಲೆ ಅದೇನನ್ನಿಸಿತೋ, ಪ್ಯಾಂಟು ಮೇಲಕ್ಕೆಳೆದುಕೊಂಡು, ಮೇಜಿನ ಕಾಲು ಹಿಡಿದು ಕೂತೇಬಿಟ್ಟರು. ಅವರ ಹಿಮ್ಮಡಿ ನೆಲಕ್ಕೆ ತಾಗಲಿಲ್ಲ. ನೂರು ಎಣಿಸುವಷ್ಟರಲ್ಲಿ ಮುಖ ಕೆಂಪಾಯಿತು. ನಾನು ಹೇಳಿದೆ, "ಏಳು ತಾಸು, ಸಾರ್."

ಎದ್ದು ಬೆವರು ಒರೆಸಿಕೊಂಡ ಮೇಲೆ ಮೂರನೆಯ ದಾರಿ ಹೇಳಿದರು. ಸತ್ತ ಗುಂಡನ್ನು ತೆಗೆದು ಅಲ್ಲಿ ಏನನ್ನೂ ಹಾಕದೆ ಬಿಡುವುದು. ಆ ಜಾಗದಲ್ಲಿ ಮಾಂಸ ಗಟ್ಟಿಯಾಗಿ ತಾನೇ ಕೀಲಿನ ಹಾಗಾಗುತ್ತದಂತೆ. ಕೂರಬಹುದು, ಚಕ್ಕಳಮಕ್ಕಳವನ್ನೂ ಹಾಕಬಹುದು. ಆದರೆ ಕಾಲು ಎರಡಿಂಚು ಗಿಡ್ಡವಾಗುತ್ತದೆ, ಸಾಯುವವರೆಗೂ ಕುಂಟಬೇಕು, ಕೋಲು ಬೇಕು.

ನಿನಗೆ ಈ ಮೂರನೆಯದು ಗೊತ್ತಿರಲಿಲ್ಲವೆ? ಗೊತ್ತಿದ್ದರೆ ಯಾಕೆ ಬರೆಯಲಿಲ್ಲ?

ತಿಮ್ಮರಾಯಪ್ಪ


ಪರೇಲ್, ಬೊಂಬಾಯಿ
೨೦ ಅಕ್ಟೋಬರ್ ೧೯೬೧

ಅಣ್ಣನವರಿಗೆ,

ಗೊತ್ತಿತ್ತು. ಬರೆಯಲಿಲ್ಲ. ಅದು ಚಿಕಿತ್ಸೆಯೇ ಅಲ್ಲ. ಕೀವು ತುಂಬಿದವರಿಗೆ, ಬೇರೆ ದಾರಿ ಇಲ್ಲದವರಿಗೆ ಮಾಡುವುದು. ನಡು ಮುರಿದ ನೇಗಿಲನ್ನು ಹಾಗೇ ಕಟ್ಟಿ ಉಳುವ ಕೆಲಸ. ಆ ಡಾಕ್ಟರಿಗೆ ಚೆಂಡು ಹಾಕಲು ಕೈ ಬರುವುದಿಲ್ಲವೋ ಏನೋ, ಅದಕ್ಕೆ ಸುಲಭದ್ದನ್ನು ತೋರಿಸುತ್ತಿದ್ದಾರೆ.

ದಿನವೂ ಕೆಲಸ ಮುಗಿದ ಮೇಲೆ ನಿಂತು ಆ ಮೂರು ಚೆಂಡು ಮಾಡಿದ್ದೇನೆ. ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಗೊತ್ತು, ಚಿಕ್ಕಬೈರಪ್ಪ ಅಣ್ಣನಿಗಾಗಿ ಮಾಡುತ್ತಿದ್ದಾನೆ ಎಂದು. ಮೊನ್ನೆ ಹತ್ತಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಡಾಕ್ಟರ ಹೆಸರಿಗೆ ಪಾರ್ಸೆಲ್ ಕಳುಹಿಸಿದೆ. ಈಗ ತಾವು ಏನೂ ಬೇಡ, ಕುಂಟುತ್ತೇನೆ ಎನ್ನುತ್ತೀರಿ! ನಾಳೆ ಊರಿಗೆ ಬಂದರೆ ಜನ ನನ್ನನ್ನು ಏನೆಂದಾರು? ದೇಶಕ್ಕೆಲ್ಲ ಸೊಂಟ ಮಾಡಿಕೊಡುವವನ ಅಣ್ಣ ಕೋಲೂರಿಕೊಂಡು ಹೋಗುತ್ತಾನೆ ನೋಡು ಎನ್ನುವುದಿಲ್ಲವೆ? ಅಣ್ಣನಿಗೆ ನನ್ನ ಕೈಮೇಲೆ ನಂಬಿಕೆ ಇಲ್ಲ, ಅಷ್ಟೇ. ನೇರವಾಗಿ ಹೇಳಿಬಿಡಿ.

ಕೂರುವುದರಿಂದ ಹೊರಗೆ ಬರುತ್ತದೆ ಎಂಬುದೆಲ್ಲ ಪುಸ್ತಕ ಓದಿದವರ ಹೆದರಿಕೆ. ಸ್ವಲ್ಪ ದಿನ ಜೋಪಾನ ಮಾಡಿ ಆಮೇಲೆ ಮೆಲ್ಲಗೆ ಕೂತರಾಯಿತು. ನಾವು ಇಲ್ಲಿಯವರೆಗೆ ತೊಂಬತ್ತು ಚೆಂಡು ಮಾಡಿದ್ದೇವೆ. ಒಂದೂ ವಾಪಸು ಬಂದಿಲ್ಲ.

ಚಿಕ್ಕಬೈರಪ್ಪ


ಸಾರಕ್ಕಿ
೩ ಡಿಸೆಂಬರ್ ೧೯೬೧

ಚಿ. ಚಿಕ್ಕಬೈರಪ್ಪನಿಗೆ ಆಶೀರ್ವಾದ.

ಆರು ವಾರ ಬರೆಯಲಿಲ್ಲ. ಸಿಟ್ಟಿತ್ತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ ಇತ್ತು.

ಕೆಲಸ ನಡೆಯುತ್ತಿದೆ ಎಂದು ಆಗಸ್ಟಿನಲ್ಲಿ ಬರೆದಿದ್ದೆ. ನಡೆಯುತ್ತಿರಲಿಲ್ಲ. ನವೆಂಬರ್ ಒಂದಕ್ಕೆ ಕಣ್ಣು ಹಾಕಲು ತೋಟಕ್ಕೆ ಹೋದೆ. ಕೂರಲು ಆಗಲಿಲ್ಲ. ಗೋಣಿತಾಟು ಹಾಸಿಕೊಂಡು ಎಡಮಗ್ಗುಲಾಗಿ ಮಲಗಿದೆ, ಮಲಗಿಕೊಂಡೇ ಇನ್ನೂರು ಗಿಡಕ್ಕೆ ಕಣ್ಣು ಹಾಕಿದೆ. ಹನ್ನೆರಡು ದಿನ ಹಿಡಿಯಿತು. ಮಲಗಿದವನ ಕೈಗೆ ಬಿಗಿ ಎಲ್ಲಿಂದ ಬರಬೇಕು? ಇನ್ನೂರರಲ್ಲಿ ಕಚ್ಚಿದ್ದು ಮೂವತ್ತೊಂದು. ಉಳಿದ ಕಣ್ಣುಗಳು ಕಪ್ಪಾಗಿ ಉದುರಿದವು. ಅವುಗಳ ಪಕ್ಕದ ಸಾಲಿಗೆ ನಾರಾಯಣಮ್ಮ ಹಾಕಿದ್ದಳು. ಅವಳದು ಇನ್ನೂರರಲ್ಲಿ ನೂರೆಪ್ಪತ್ತು ಕಚ್ಚಿವೆ.

ಹಾಗಾದರೆ ಅವಳೇ ಹಾಕಲಿ, ನೀವು ಕುರ್ಚಿಯಲ್ಲಿ ಕೂತು ನೋಡಿಕೊಳ್ಳಿ ಎನ್ನುತ್ತೀಯೆ, ನನಗೆ ಗೊತ್ತು. ಊರಿನಲ್ಲಿ ಎಲ್ಲರೂ ಅದನ್ನೇ ಅನ್ನುತ್ತಾರೆ. ಅವಳನ್ನೂ ಕೇಳಿದೆ. "ಹಸು, ಒಲೆ, ನೀರು ಎಲ್ಲಾ ನಂದೇ. ಈಗ ಮೂರು ಸಾವ್ರ ಗಿಡಾನೂ ನಂದಾ? ನಿಮ್ಮ ಸೊಂಟ ಒಂದೇ ಸೊಂಟಾನಾ, ನಂದೇನು ಮರದ್ದಾ?" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಹೆಂಡತಿ ಬಗ್ಗಿ ದುಡಿಯುವಾಗ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುವ ಗಂಡಸು ನಾನಾಗಲಾರೆ. ಅದಕ್ಕಿಂತ ಆ ಕಾಲನ್ನೇ ಕತ್ತರಿಸಲಿ.

ನಿನ್ನ ಮೇಲೆ ನಂಬಿಕೆ ಇಲ್ಲವೆಂದೆಯಲ್ಲ, ಅದು ಚುಚ್ಚಿತು. ನಿನ್ನ ಪಾರ್ಸೆಲನ್ನು ಡಾಕ್ಟರು ನನ್ನೆದುರಿಗೆ ಬಿಚ್ಚಿದರು. ಚೆನ್ನಾಗಿದೆ ಕಣೋ. ಕೈಗೆ ತೆಗೆದುಕೊಂಡಾಗ ತಣ್ಣಗೆ, ಭಾರವಾಗಿತ್ತು, ಒಂದು ಗೆರೆ ಇರಲಿಲ್ಲ. ನಮ್ಮ ಮನೆಯವನು ಇಂಥದ್ದು ಮಾಡಿದನಲ್ಲ ಎಂದು ಹೆಮ್ಮೆಯಾಯಿತು. ತೊಂಬತ್ತರಲ್ಲಿ ಒಂದೂ ವಾಪಸು ಬಂದಿಲ್ಲ ಎಂದು ನೀನು ಬರೆದದ್ದನ್ನು ಡಾಕ್ಟರಿಗೆ ಓದಿ ಹೇಳಿದೆ. ಅವರಿಗೆ ಆಶ್ಚರ್ಯವಾಯಿತು. "ಹಾಗಿದ್ರೆ ಧೈರ್ಯವಾಗಿ ಹಾಕೋಣ" ಎಂದರು. ನಾನು ಒಪ್ಪಿದೆ. ಡಿಸೆಂಬರ್ ಹದಿನೆಂಟು ಸೋಮವಾರ ಆಪರೇಷನ್. ಕಿಂಡಿಯದ್ದೇ.

ಡಾಕ್ಟರ ಮಾತಿಗಲ್ಲ, ನಿನ್ನ ಮಾತಿಗೆ ಒಪ್ಪಿದ್ದು. ಮುಂದಿನ ನವೆಂಬರಿಗೆ ಸಾಲಿನಲ್ಲಿ ಕೂತಿರುತ್ತೇನೆ.

ತಿಮ್ಮರಾಯಪ್ಪ


ಪರೇಲ್, ಬೊಂಬಾಯಿ
೮ ಡಿಸೆಂಬರ್ ೧೯೬೧
ಎಕ್ಸ್‌ಪ್ರೆಸ್ ಡೆಲಿವರಿ

ಅಣ್ಣಾ,

ಇದಕ್ಕಿಂತ ಮೊದಲು ತಂತಿ ಸಿಕ್ಕಿರಬೇಕು. ಸಿಕ್ಕಿಲ್ಲದಿದ್ದರೆ ಇದೇ ತಂತಿ: ಈ ಕಾಗದ ಪೂರ್ತಿ ಓದುವ ತನಕ ಚೆಂಡು ಹಾಕಿಸಿಕೊಳ್ಳಬೇಡ.

ನಾನು ಸುಳ್ಳು ಬರೆದೆ. ವಾಪಸು ಬಂದಿವೆ. ಹನ್ನೊಂದು. ಮಾಲೀಕರ ಬೀರುವಿನಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದಿದೆ, ಅದರಲ್ಲಿವೆ. ಆಸ್ಪತ್ರೆಯವರು ಚೀಟಿ ಕಟ್ಟಿ ಕಳುಹಿಸುತ್ತಾರೆ, ಯಾರಿಂದ ತೆಗೆದದ್ದು, ಯಾಕೆ ತೆಗೆದದ್ದು ಎಂದು. ನಾಲ್ಕು ಕೀವಾಗಿ ತೆಗೆದವು. ಏಳು ನೆಲದ ಮೇಲೆ ಕೂತವರವು. ಒಬ್ಬ ದರ್ಜಿ, ಒಬ್ಬ ಬೀಡಿ ಕಟ್ಟುವವನು, ಇಬ್ಬರು ಹಿತ್ತಿಲಿಗೆ ಹೋದಾಗ, ಉಳಿದವರೂ ಹೀಗೆಯೇ. ಎಲ್ಲರಿಗೂ ಕೂರಬೇಡಿ ಎಂದು ಹೇಳಿಯೇ ಕಳುಹಿಸಿದ್ದರಂತೆ. ಕೂರದೆ ಎಲ್ಲಿಗೆ ಹೋಗಬೇಕಿತ್ತು ಅವರು? ಕಿಂಡಿಯದ್ದನ್ನು ತೆಗೆಯುವಾಗ ಇಬ್ಬರಿಗೆ ತೊಡೆಮೂಳೆಯನ್ನೇ ಒಡೆಯಬೇಕಾಯಿತು. ಮೂಳೆ ಅಷ್ಟು ಚೆನ್ನಾಗಿ ಹಿಡಿದುಕೊಂಡಿತ್ತು.

ಆ ಇಬ್ಬರಲ್ಲಿ ಒಬ್ಬಳು ಪರೇಲಿನ ಮಾರುಕಟ್ಟೆಯಲ್ಲಿ ಮೀನು ಮಾರುವವಳು. ನಾನು ಅವಳನ್ನು ದಿನವೂ ನೋಡುತ್ತಿದ್ದೆ. ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೂಗುತ್ತಿದ್ದಳು. ಅವಳಿಗೆ ಹಾಕಿದ್ದು ನಾನು ಕಡೆದ ಚೆಂಡು. ವಾಪಸು ಬಂದಾಗ ಕೈಯಲ್ಲಿ ಹಿಡಿದು ನೋಡಿದೆ. ಚೆಂಡಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಅವಳಿಗೆ. ಈಗ ಆ ಜಾಗದಲ್ಲಿ ಬೇರೆ ಯಾರೋ ಕೂರುತ್ತಾರೆ.

ರೋಗಿಗಳು ಹೇಳಿದ ಮಾತು ಕೇಳುವುದಿಲ್ಲ, ಅದಕ್ಕೆ ನಾವೇನು ಮಾಡೋಣ ಎಂದು ಮಾಲೀಕರು ಡಬ್ಬಿಯ ಮುಚ್ಚಳ ಹಾಕಿದರು. ನಾನೂ ಸುಮ್ಮನಿದ್ದೆ. ನಿನಗೆ ಮಾತ್ರ ಹಾಗಾಗುವುದಿಲ್ಲ, ನಾನು ಇನ್ನೂ ಚೆನ್ನಾಗಿ ಮಾಡಿದರೆ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಕುಂಟುವುದನ್ನು ನೋಡಲಾರೆ ಅನ್ನುವುದು ಅರ್ಧ ನಿಜ. ಅಣ್ಣನ ಮೈಯಲ್ಲಿ ನನ್ನ ಕೈಯ ಕೆಲಸ ಇರಬೇಕು, ಊರು ನೋಡಬೇಕು ಅನ್ನುವುದು ಇನ್ನರ್ಧ. ನೀನು ಮಲಗಿಕೊಂಡು ಕಣ್ಣು ಹಾಕಿದೆ ಎಂದು ಓದಿದ ಮೇಲೆ ಊಟ ಸೇರುತ್ತಿಲ್ಲ.

ಹದಿನೆಂಟಕ್ಕೆ ಇನ್ನೂ ಹತ್ತು ದಿನ ಇದೆ.

ಚಿಕ್ಕಬೈರ


ಸಾರಕ್ಕಿ
೧೩ ಡಿಸೆಂಬರ್ ೧೯೬೧

ಚಿಕ್ಕಬೈರಪ್ಪನಿಗೆ,

ತಂತಿಯೂ ಬಂತು, ಕಾಗದವೂ ಬಂತು.

ಒಣಗಿದ ಕಣ್ಣನ್ನು ಗೊತ್ತಿದ್ದೂ ಗೊತ್ತಿದ್ದೂ ಬಾಳೆನಾರಿನಲ್ಲಿ ಮುಚ್ಚಿ ಕಟ್ಟಿ, ಹಸಿ ಇದೆ ತಗೊಳ್ಳಿ ಎಂದು ಯಾರಿಗಾದರೂ ನಾನು ಮಾರಿದ್ದರೆ ನನ್ನ ಕೈ ನಾನೇ ಕಡಿದುಕೊಳ್ಳುತ್ತಿದ್ದೆ. ನೀನು ಅದನ್ನು ಅಣ್ಣನಿಗೇ ಮಾಡಿದೆ. ನನ್ನ ಮೈ ಎಂದರೆ ನಿನ್ನ ಮಾಲೀಕರ ನಮೂನೆಯ ಪೆಟ್ಟಿಗೆ ಅಂದುಕೊಂಡೆಯಾ? ಆ ಮೀನಿನವಳಿಗೆ ಅಣ್ಣ ತಮ್ಮ ಯಾರೂ ಇರಲಿಲ್ಲವೆ? ಅವಳಿಗೆ ತಂತಿ ಕೊಟ್ಟವರು ಯಾರು? ನನಗೆ ನೀನಿದ್ದೆ, ಕೊನೆ ಗಳಿಗೆಯಲ್ಲಿ ಕೊಟ್ಟೆ. ಇನ್ನು ಕೂರಬೇಡಿ ಎಂದು ಹೇಳಿಸಿಕೊಂಡು ಮನೆಗೆ ಹೋದ ಎಪ್ಪತ್ತೊಂಬತ್ತು ಜನಕ್ಕೆ ಯಾರು ಕೊಡುತ್ತಾರೆ?

ನಿನ್ನ ಕಾಗದವನ್ನು ಡಾಕ್ಟರ ಮುಂದೆ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ನಿನ್ನ ಹೆಸರನ್ನೂ ಬಿಡಲಿಲ್ಲ. ಅವರು ಅರ್ಧಕ್ಕೇ ಕನ್ನಡಕ ತೆಗೆದಿಟ್ಟರು. ಹನ್ನೊಂದರ ವಿಚಾರವನ್ನು ಬರೆದುಕೊಂಡರು. ನಿಮ್ಮ ಮಾಲೀಕರಿಗೆ ಅವರೇ ಬರೆಯುತ್ತಾರಂತೆ. ನಿನಗೆ ತೊಂದರೆಯಾದರೆ ಆಗಲಿ.

ಆಪರೇಷನ್ ಸೋಮವಾರವೇ. ಏನು ಮಾಡಿಸಿಕೊಳ್ಳುತ್ತೇನೆ ಎಂದು ನಿನಗೆ ಹೇಳುವುದಿಲ್ಲ. ನೀನು ಎರಡು ತಿಂಗಳು ನನ್ನಿಂದ ಮುಚ್ಚಿಟ್ಟೆ, ಈಗ ಸ್ವಲ್ಪ ದಿನ ನೀನೂ ಗೊತ್ತಿಲ್ಲದೆ ಇರು.

ತಿಮ್ಮರಾಯಪ್ಪ


ಪರೇಲ್, ಬೊಂಬಾಯಿ
೨೯ ಜನವರಿ ೧೯೬೨

ಅಣ್ಣಾ,

ಇದು ನಾಲ್ಕನೆಯ ಕಾಗದ. ಮೂರಕ್ಕೂ ಉತ್ತರವಿಲ್ಲ. ಅತ್ತಿಗೆಯಿಂದಾದರೂ ಒಂದು ಕಾರ್ಡು ಬರೆಸಬಾರದಿತ್ತೆ? ಬದುಕಿದ್ದೀಯೆ ಎಂಬುದು ಗೊತ್ತು, ಆಸ್ಪತ್ರೆಗೆ ಟ್ರಂಕ್ ಕಾಲ್ ಮಾಡಿ ತಿಳಿದುಕೊಂಡೆ. ಏನು ಹಾಕಿದರು ಎಂದು ಕೇಳಿದರೆ, ರೋಗಿ ಹೇಳಬಾರದು ಎಂದಿದ್ದಾರೆ ಎಂದು ಇಟ್ಟುಬಿಟ್ಟರು. ಚೆಂಡಿನದ್ದಾದರೆ ಬಾಯಿ ಮುಚ್ಚಿಕೊಂಡು ಹೆದರುತ್ತೇನೆ, ಇಲ್ಲದ್ದಾದರೆ ಬಾಯಿ ಮುಚ್ಚಿಕೊಂಡು ಅಳುತ್ತೇನೆ. ಎರಡರಲ್ಲಿ ಯಾವುದೆಂದಾದರೂ ಹೇಳು.

ನಿಮ್ಮ ಡಾಕ್ಟರ ಕಾಗದ ಮಾಲೀಕರಿಗೆ ಬಂತು. ನನ್ನನ್ನು ಕರೆದು, ಹೊರಗಿನವರಿಗೆ ಹೇಳಿದ್ದು ನೀನೇನಾ ಎಂದರು. ಹೌದು ಎಂದೆ. ಬೀರುವಿನಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದೆ. ಪ್ರತಿ ಪೆಟ್ಟಿಗೆಯಲ್ಲೂ ಈ ಏಳು ಜನರ ವಿಚಾರ ಬರೆದ ಚೀಟಿ ಇಡಬೇಕು, ರೋಗಿ ಎಲ್ಲಿ ಕೂತು ದುಡಿಯುತ್ತಾನೆ ಎಂದು ಮೊದಲು ಕೇಳಿ ಎಂದು ಡಾಕ್ಟರುಗಳಿಗೆ ತಿಳಿಸಬೇಕು, ಇಲ್ಲದಿದ್ದರೆ ನಾನು ಇನ್ನು ಚೆಂಡು ಕಡೆಯುವುದಿಲ್ಲ ಎಂದೆ. ಮಾಲೀಕರು ಕೂಗಾಡಿದರು. ಈಗ ನನ್ನನ್ನು ಕತ್ತರಿ, ಚಿಮಟದ ಕಡೆಗೆ ಹಾಕಿದ್ದಾರೆ. ಚೀಟಿ ಇಡುತ್ತಾರೋ ಇಲ್ಲವೋ ಗೊತ್ತಿಲ್ಲ, ಇಡುವವರೆಗೂ ಕೇಳುತ್ತಲೇ ಇರುತ್ತೇನೆ.

ಬೈದಾದರೂ ಬರೆ.

ಚಿಕ್ಕಬೈರ


ಸಾರಕ್ಕಿ
೨೫ ಮಾರ್ಚ್ ೧೯೬೨

ಚಿ. ಚಿಕ್ಕಬೈರನಿಗೆ ಅಣ್ಣನ ಆಶೀರ್ವಾದ.

ಏನೂ ಹಾಕಿಸಿಕೊಳ್ಳಲಿಲ್ಲ.

ಸತ್ತ ಗುಂಡನ್ನು ತೆಗೆದರು, ಹಾಗೇ ಬಿಟ್ಟರು. ಆರು ವಾರ ಕಾಲಿಗೆ ಇಟ್ಟಿಗೆ ತೂಗುಹಾಕಿ ಮಲಗಿಸಿದ್ದರು. ಬರೆಯಬಹುದಿತ್ತು, ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ. ನಿನ್ನ ನಾಲ್ಕೂ ಕಾಗದವನ್ನು ನಾರಾಯಣಮ್ಮ ಆಸ್ಪತ್ರೆಗೆ ತಂದು ಕೊಡುತ್ತಿದ್ದಳು, ಪ್ರತಿಸಲವೂ, "ಸಾಕು ಬಿಡ್ರಿ, ಮಗೂ ಥರ ಹಟ ಮಾಡ್ಬೇಡಿ" ಎನ್ನುತ್ತಿದ್ದಳು. ನಾಲ್ಕನೆಯದನ್ನು ಓದಿದ ಮೇಲೆ ಸಿಟ್ಟು ಇಳಿಯಿತು. ಆದರೂ ಕೂತು ನೋಡದೆ ಬರೆಯಬಾರದು ಎಂದು ತಡೆದೆ. ಕೂರಲಾಗದೆ ಹೋಗಿದ್ದರೆ ನಿನ್ನನ್ನೂ ಡಾಕ್ಟರನ್ನೂ ಸೇರಿಸಿ ಬೈಯಬೇಕಿತ್ತಲ್ಲ.

ಕಾಲು ಎರಡಿಂಚು ಗಿಡ್ಡವಾಗಿದೆ. ಡಾಕ್ಟರು ಹೇಳಿದಂತೆಯೇ. ಕೋಲು ಬಂದಿದೆ. ಜಯನಗರದ ಟಾರು ರಸ್ತೆಯಲ್ಲಿ ನಡೆದರೆ ಮೈ ಒಂದು ಕಡೆಗೆ ಬೀಳುತ್ತದೆ, ಹೆಜ್ಜೆಹೆಜ್ಜೆಗೂ ತಲೆ ಅಲ್ಲಾಡುತ್ತದೆ. ಮೊದಲ ದಿನವೇ ಗೇಟಿನಲ್ಲಿ ನಿಂತಿದ್ದ ಹೆಂಗಸೊಬ್ಬರು, "ಅಯ್ಯೋ ಪಾಪ, ರೋಜಾ ಗಿಡದ ತಿಮ್ಮರಾಯಪ್ಪ ಹೇಗಾಗ್ಹೋದ್ರು ನೋಡಿ" ಎಂದರು. ಇನ್ನೊಬ್ಬರು ನನಗೆ ಕೇಳಿಸುವ ಹಾಗೆಯೇ, ತಮ್ಮ ಅಷ್ಟು ದೂರದಿಂದ ಚೆಂಡು ಮಾಡಿ ಕಳಿಸಿದ್ದರೂ ಹಾಕಿಸಿಕೊಳ್ಳದ ಮೊಂಡ ಎಂದರು. ನಿನಗೆ ಊರಿನ ಮಾತಿನ ಹೆದರಿಕೆ ಇತ್ತಲ್ಲ, ಅದು ನಿಜವೇ. ಅನ್ನುತ್ತಾರೆ. ನಾನು ಮನೆಗೆ ಬಂದು ಹಸುವನ್ನು ಬೈಯುತ್ತೇನೆ.

ಹೋದ ಸೋಮವಾರ ತೋಟಕ್ಕಿಳಿದೆ. ಕಾಲ ಮುಗಿಯುತ್ತಾ ಬಂದಿತ್ತು, ಕೊನೆಯ ನಾನ್ನೂರು ಗಿಡವನ್ನು ನಾರಾಯಣಮ್ಮ ನನಗೆಂದೇ ಉಳಿಸಿದ್ದಳು. ಕೇಳಿದ್ದಕ್ಕೆ, "ನಂಗೆ ಪುರುಸೊತ್ತಾಗ್ಲಿಲ್ಲ" ಎಂದಳು. ಕೋಲನ್ನು ಮಣ್ಣಿಗೆ ಚುಚ್ಚಿ, ಅದನ್ನೇ ಹಿಡಿದು ಮೆಲ್ಲಗೆ ಇಳಿದೆ. ಒಳಗೆ ಏನೋ ಎಳೆಯಿತು, ನೋವಾಯಿತು, ಬಿಟ್ಟಿತು. ಎರಡು ಹಿಮ್ಮಡಿಯೂ ನೆಲಕ್ಕೆ ತಾಗಿದವು. ಕೂತೆ ಕಣೋ. ಹದಿಮೂರು ತಿಂಗಳಾದ ಮೇಲೆ ಕೂತೆ. ಅವಳು ಆ ಕಡೆ ಮುಖ ತಿರುಗಿಸಿಕೊಂಡು ನಾರು ಸೀಳುತ್ತಿದ್ದಳು, ಸೀಳಿದ್ದನ್ನೇ ಮತ್ತೆ ಮತ್ತೆ ಸೀಳುತ್ತಿದ್ದಳು. ಅವತ್ತು ಎರಡು ತಾಸು ಕೂತೆ. ನಿನ್ನೆ ನಾಲ್ಕು.

ಇನ್ನೊಂದು ವಿಷಯ ಡಾಕ್ಟರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೂರನೆಯ ದಿನ ಗೊತ್ತಾಯಿತು. ಗಿಡಗಳಿರುವುದು ಏರಿಸಿದ ಮಣ್ಣಿನ ಬೋದಿನ ಮೇಲೆ, ನೀರು ಹರಿಯುವುದು ಎರಡು ಬೋದುಗಳ ನಡುವಿನ ಕಾಲುವೆಯಲ್ಲಿ. ವರ್ಷವಿಡೀ ನೀರು ಹರಿದು ಬೋದಿನ ಅಂಚು ಕುಸಿದು, ಕಾಲುವೆಗಿಂತ ಎರಡೇ ಇಂಚು ಎತ್ತರ ಉಳಿದಿದೆ. ಗಿಡ್ಡವಾದ ಬಲಗಾಲನ್ನು ಆ ಅಂಚಿನ ಮೇಲೆ, ಎಡಗಾಲನ್ನು ಕಾಲುವೆಯಲ್ಲಿ ಇಟ್ಟು ನಡೆದೆ. ಮೈ ವಾಲಲಿಲ್ಲ. ಸಾಲಿನ ತುದಿಯವರೆಗೂ ನೆಟ್ಟಗೆ ಹೋದೆ, ತಿರುಗಿ ಆಚೆ ಬೋದಿನ ಅಂಚು ಹಿಡಿದು ನೆಟ್ಟಗೆ ಬಂದೆ, ಕೋಲು ಮುಟ್ಟಲಿಲ್ಲ. ರಸ್ತೆಯಲ್ಲಿ ನನ್ನನ್ನು ಕುಂಟ ಎನ್ನುವವರು ಯಾರಾದರೂ ಇಲ್ಲಿಗೆ ಬರಲಿ, ಈ ಸಾಲಿನಲ್ಲಿ ನನ್ನ ಜೊತೆ ನಡೆಯಲಿ. ಇಲ್ಲಿ ಕುಂಟುವವರು ಅವರು.

ರಜೆ ಸಿಕ್ಕಿದ ಕೂಡಲೆ ಬಾ. ಬಂದವನು ಸಂಕೋಚಪಟ್ಟು ನನ್ನ ಕಾಲು ನೋಡುತ್ತಾ ನಿಂತರೆ ನಾಲ್ಕು ಬಿಗಿಯುತ್ತೇನೆ. ನಿನ್ನ ಚಪ್ಪಲಿ ಬಿಟ್ಟು ಕಾಲುವೆಗಿಳಿ, ನನ್ನ ಹಿಂದೆ ನಡೆ.

ತಿಮ್ಮರಾಯಪ್ಪ